ಸೇತುವೆಯ ಕೆಳಗೆ

"ಇದಕ್ಕಿಂತ ಕೆಳಗೆ ಎಲ್ಲಿಗೆ ಹೋಗೋದು ತಾಯಿ? ಪಾತಾಳಕ್ಕಾ?" ಎಂದ ದೋಣಿಯವನು. ದೋಣಿ ಸೇತುವೆಯ ಕಂಬಗಳ ನಡುವೆ, ನೆರಳಿನಲ್ಲಿತ್ತು. ತಲೆಯ ಮೇಲೆ ಬಸ್ಸೊಂದು ಗಡಗಡನೆ ಹಾದುಹೋಯಿತು.

ನೀರು ಪರೀಕ್ಷೆಯ ಕಚೇರಿಗೆ ಸೇರಿ ಎರಡು ತಿಂಗಳಾಗಿದ್ದ ಹುಡುಗಿ ಹಳೆಯ ಆದೇಶವನ್ನು ಮತ್ತೆ ಓದಿದಳು. 'ಸೇತುವೆಯ ಕೆಳಗೆ, ನದಿಯ ನಡುವೆ.' ಹನ್ನೊಂದು ವರ್ಷ ಎಲ್ಲರೂ ಈ ಕಂಬಗಳ ಮಧ್ಯೆಯೇ ಬಾಟಲಿ ತುಂಬಿದ್ದರು. ಹನ್ನೊಂದು ವರ್ಷವೂ ವರದಿಯಲ್ಲಿ ನದಿ ಗುಂಡುಕಲ್ಲಿನಂತೆ ಆರೋಗ್ಯವಾಗಿತ್ತು. ಕಾರ್ಖಾನೆಗಳ ಚರಂಡಿ ಬಂದು ಸೇರುವುದು ಮಾತ್ರ ಇನ್ನೂ ಮುಂದೆ. ಅದರಾಚೆಯ ಊರು ಕುಡಿಯುವುದು ಆ ನೀರನ್ನೇ. ಕುಡಿಯಬಹುದು ಎಂಬ ವರದಿ ಇವತ್ತು ಸಂಜೆ ಹೋಗಬೇಕಿತ್ತು.

"ಅಡಿಯಲ್ಲಿ ಅಂತಲ್ಲಣ್ಣ. ಕೆಳಗೆ ಅಂದ್ರೆ... ನೀರು ಹರಿಯೋ ಕಡೆಗೆ." ಅಷ್ಟು ಹೇಳುವಷ್ಟರಲ್ಲಿ ಅವಳ ಕಿವಿ ಕೆಂಪಾಯಿತು. ಹಾಳೆಯ ಹಿಂಬದಿ ತಿರುಗಿಸಿ ತೋರಿಸಿದಳು. ಯಾರೂ ಮಗುಚಿ ನೋಡದ ನಕ್ಷೆಯಲ್ಲಿ ಕೆಂಪು ಚುಕ್ಕೆ ಚರಂಡಿಯ ಆಚೆಗಿತ್ತು.

"ಹಂಗಾದ್ರೆ ಇಷ್ಟು ವರ್ಷ ಮಾಡಿದ್ದು ನೀರಲ್ಲಿ ಹೋಮ ಅನ್ನು!"

ಅವಳು ಕಚೇರಿಯ ಮೇಡಂಗೆ ಫೋನ್ ಮಾಡಿದಳು.

"ನಿನ್ನೆ ಮೊನ್ನೆ ಬಂದೋಳು ನೀನು. ಮೊದಲನೇ ಬಾಟಲಿ ಅಲ್ಲಿ ತುಂಬಿದ್ದು ನಾನು. ಸುಮ್ನೆ ತುಂಬ್ಕೊಂಡು ಬಾ."

ಇಂಥ ಮಾತಿಗೆಲ್ಲ 'ಹ್ಞೂಂ' ಎಂದು, ಉತ್ತರವನ್ನು ಮನೆಗೆ ಹೋಗಿ ಡೈರಿಯಲ್ಲಿ ಬರೆಯುವವಳು ಅವಳು. ಇವತ್ತು ಬಾಯಿಗೇ ಬಂತು.

"ಎರಡೂ ಕಡೆ ತುಂಬ್ತೀನಿ ಮೇಡಂ. ಎರಡಕ್ಕೂ ನಾನೇ ಸಹಿ ಹಾಕ್ತೀನಿ."

ಮೇಡಂ ದನಿ ತಗ್ಗಿತು.

"ಒಳಗೆ ಗಾಳಿ ಗುಳ್ಳೆ ನಿಲ್ಲದ ಹಾಗೆ ಮುಚ್ಚಳ ಹಾಕು. ಗೊತ್ತಲ್ಲ?"

"ಗೊತ್ತು ಮೇಡಂ."

ಸೇತುವೆಯಡಿ ಒಂದು ಬಾಟಲಿ ತುಂಬಿಕೊಂಡು, ಚರಂಡಿ ದಾಟಿದ ಮೇಲೆ ಅವಳು ಎರಡನೆಯ ಬಾಟಲಿಯನ್ನೂ ಮುಳುಗಿಸಿ ತುಂಬಿದಳು. ಎರಡಕ್ಕೂ ಔಷಧಿ ಬಿಟ್ಟಳು. ನೀರಲ್ಲಿ ಆಮ್ಲಜನಕವಿದ್ದರೆ ಕಂದು ಬಣ್ಣ ಬರಬೇಕು. ಸೇತುವೆಯ ಬಾಟಲಿ ಕಂದಾಯಿತು. ಇನ್ನೊಂದು ಬರೀ ಬೆಳ್ಳಗಾಯಿತು.

"ಹಾಲಿನ ಹಂಗಿದೆಯಲ್ಲ! ಚೊಕ್ಕ ಅಂತಾನಾ?"

"ಉಸಿರೇ ಇಲ್ಲ ಅಂತ ಅಣ್ಣ."

ಅವನು ನಗು ನುಂಗಿಕೊಂಡ. ದಡದ ಮೆಟ್ಟಿಲ ಮೇಲೆ ಹೆಂಗಸೊಬ್ಬಳು ಕೊಡ ಹಿಡಿದು, ದೋಣಿ ಎಬ್ಬಿಸಿದ ಅಲೆ ಅಡಗಲೆಂದು ಕಾಯುತ್ತಿದ್ದಳು.

"ಅಲ್ಲಿಗೆ ತಿರುಗಿಸಿ," ಎಂದಳು ಹುಡುಗಿ. ದೋಣಿ ತೂಗಾಡುತ್ತಿದ್ದಂತೆಯೇ ಎದ್ದು ನಿಂತು, ಬೇಡವೆಂದು ಎರಡೂ ಕೈಯೆತ್ತಿ ಬೀಸಿದಳು.