ವಂದನಾರ್ಪಣೆ ಮೇಷ್ಟ್ರು

"ಆ ಮೈಕನ್ನ ತೆಗೀರಿ ಅಲ್ಲಿಂದ!" ಎನ್ನುತ್ತ ನರ್ಸಮ್ಮ ಮೈಕಿನ ಕೋಲನ್ನು ಎರಡೂ ಕೈಯಲ್ಲಿ ಹಿಡಿದು ತಮ್ಮನ ತಲೆಯ ಪಕ್ಕದಿಂದ ಎಳೆದಳು. ವೈರು ಕುರ್ಚಿಯ ಕಾಲಿಗೆ ಸುತ್ತಿಕೊಂಡು ಕುರ್ಚಿಯೂ ಜೊತೆಗೆ ಬಂತು. ಉತ್ಸವದ ನಿರೂಪಕ ಓಡಿಬಂದು ಕೋಲಿನ ಇನ್ನೊಂದು ತುದಿ ಹಿಡಿದುಕೊಂಡ.

"ಅಮ್ಮಾ, ಎರಡೇ ಎರಡು ಮಾತು. ದೊಡ್ಡ ದೊಡ್ಡವರೆಲ್ಲ ಬಂದಿದಾರೆ. ಮಾತಾಡಿಸದೆ ಕಳಿಸೋಕಾಗುತ್ತಾ?"

"ಯಾರನ್ನ ಕಳಿಸೋಕೆ ಬಂದಿದೀರಿ ನೀವು? ಅವರನ್ನೋ, ನನ್ನ ತಮ್ಮನ್ನೋ?"

ಅವನು ಹಲ್ಲು ಬಿಟ್ಟ. ಸಾವಿನ ಮನೆ ಎಂದು ನೆನಪಾಗಿ ತಕ್ಷಣ ಬಾಯಿ ಮುಚ್ಚಿದ. ಮೈಕು ಮಾತ್ರ ಎಲ್ಲಿತ್ತೋ ಅಲ್ಲಿಗೇ ವಾಪಸು ಹೋಯಿತು.

ಅಂಗಳದಲ್ಲಿ ಬಿಳಿ ಬಟ್ಟೆ ಹೊದ್ದು ಮಲಗಿದ್ದವನು ಶಾಲೆಯಲ್ಲಿ ಡ್ರಾಯಿಂಗ್ ಕಲಿಸುತ್ತಿದ್ದವನು. ಊರಿನವರಿಗೆ ಅವನು ವಂದನಾರ್ಪಣೆ ಮೇಷ್ಟ್ರು. ಕಡಲ ದಂಡೆಯ ಸಭಾಂಗಣದಲ್ಲಿ ವರ್ಷಕ್ಕೊಮ್ಮೆ ಚಿತ್ರಕಲಾ ಉತ್ಸವ ನಡೆಯುತ್ತಿತ್ತು. ಅದರ ಕಟ್ಟಕಡೆಗೆ ಎದ್ದು ನಿಂತು ಎಲ್ಲರಿಗೂ ವಂದನೆ ಹೇಳುವ ಕೆಲಸವನ್ನು ಇವನ ತಲೆಗೆ ಕಟ್ಟಿದ್ದರು. ಈ ಸಲದ ಉತ್ಸವ ಇವತ್ತೇ ಶುರು. ಉದ್ಘಾಟನೆಗೆ ಇನ್ನೂ ಹೊತ್ತಿದೆ ಎಂದು ಕಲಾವಿದರು, ಭಾಷಣಕಾರರು ಎಲ್ಲರೂ ಹಾಗೇ ಇತ್ತ ಹಾಯ್ದಿದ್ದರು. ಬರಿಗೈಯಲ್ಲಿ ಬಂದಿದ್ದರೆ ಎಷ್ಟೋ ಚೆನ್ನಾಗಿತ್ತು! ಮೈಕು, ಕುರ್ಚಿ, ಫೋಟೊ ತೆಗೆಯುವವನು, ಎಲ್ಲವನ್ನೂ ಎಲ್ಲರನ್ನೂ ಕಟ್ಟಿಕೊಂಡು ಬಂದಿದ್ದರು. ಎದೆಯ ಮೇಲಿನ ಬ್ಯಾಡ್ಜನ್ನು ಕಳಚುವಷ್ಟು ಸೌಜನ್ಯವೂ ಒಬ್ಬರಿಗೂ ಇರಲಿಲ್ಲ.

ತಮ್ಮನ ಗೆಳೆಯ ಫ್ರೇಮಿನಂಗಡಿಯವನು ಹತ್ತಿರ ಬಂದು ಪಿಸುಗುಟ್ಟಿದ. "ಅಕ್ಕಾ, ಒಳಗಿರೋದನ್ನ ಏನ್ಮಾಡೋಣ? ಇವರೆಲ್ಲ ಇಲ್ಲೇ ಇದಾರೆ. ಇಂಥ ದಿನ ಮತ್ತೆ ಬರಲ್ಲ."

"ಬೇಡಪ್ಪ. ಅವನೇ 'ಬಿಟ್ಬಿಡು' ಅಂದು ಮಲಗಿದ್ದು. ಅವನು ಬೇಡ ಅಂದದ್ದನ್ನ ನಾನು ಮಾಡೋದಾ?"

ಹೀಗೆ ಅಂದಳೇ ಹೊರತು ಅವಳ ಕಣ್ಣು ಒಳಕೋಣೆಯ ಬಾಗಿಲಿನಿಂದ ಕದಲಲಿಲ್ಲ. ಅಲ್ಲಿ ಗೋಡೆಗೆ ಒರಗಿಸಿಟ್ಟು, ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿದ ಒಂದು ಚಿತ್ರವಿತ್ತು.

ಉತ್ಸವದ ಅಧ್ಯಕ್ಷರ ಕಣ್ಣೂ ಅದೇ ಬಾಗಿಲಿನ ಮೇಲಿತ್ತು. ಅವರು ಕೈಕಟ್ಟಿಕೊಂಡು ನರ್ಸಮ್ಮನ ಪಕ್ಕಕ್ಕೆ ಸರಿದು, ಬೆಣ್ಣೆ ಸವರಿದ ದನಿಯಲ್ಲಿ, "ಮೇಷ್ಟ್ರ ಆ ಚಿತ್ರ ಇದೆಯಲ್ಲಮ್ಮ, ಅದನ್ನ ನಮಗೆ ಕೊಟ್ಬಿಡಿ. ಉತ್ಸವದ ಸಂಗ್ರಹದಲ್ಲಿ ಜೋಪಾನವಾಗಿ ಇಡ್ತೀವಿ," ಎಂದರು.

"ಗೋಡೆ ಮೇಲೆ ಹಾಕ್ತೀರಾ?"

"ಸಂಗ್ರಹದಲ್ಲಿ ಅಂದೆನಲ್ಲಮ್ಮ."

"ಅಂದ್ರೆ ಮೆಟ್ಟಿಲ ಕೆಳಗಿನ ಉಗ್ರಾಣದಲ್ಲಿ. ಬೀಗ ಹಾಕಿ."

ಅಧ್ಯಕ್ಷರು ಆಕಾಶ ನೋಡಿದರು. ನರ್ಸಮ್ಮನ ಮೈಯೆಲ್ಲ ಉರಿದುಹೋಯಿತು. ಹೆಣ ಇನ್ನೂ ಮನೆ ಬಿಟ್ಟಿಲ್ಲ, ಆಗಲೇ ಸತ್ತವನ ಕೈಕೆಲಸ ಹೂತುಹಾಕಲು ಜಾಗ ಹುಡುಕಿ ಬಂದಿದ್ದರು ಪುಣ್ಯಾತ್ಮರು.

*

ಉತ್ಸವದ ಮೊದಲ ವರ್ಷ ನರ್ಸಮ್ಮನ ತಮ್ಮ ಒಂದು ಚಿತ್ರವನ್ನು ಕಂಕುಳಲ್ಲಿ ಇಟ್ಟುಕೊಂಡು ಹೋಗಿದ್ದ. ಗೋಡೆಗಳೆಲ್ಲ ತುಂಬಿಹೋಗಿವೆ, ಮುಂದಿನ ವರ್ಷ ಖಂಡಿತ ಎಂದಿದ್ದರು ಅಧ್ಯಕ್ಷರು. "ಈ ಸಲ ವಂದನಾರ್ಪಣೆ ನೀವೇ ಮಾಡ್ಬಿಡಿ ಮೇಷ್ಟ್ರೇ, ನಿಮ್ಮ ಮಾತು ಅಚ್ಚುಕಟ್ಟು." ಅವನು ಖುಷಿಯಿಂದ ಉಬ್ಬಿಹೋದ. ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡಿದ. ಯಾರ ಹೆಸರೂ ಬಿಟ್ಟುಹೋಗಬಾರದೆಂದು ಪೆಂಡಾಲಿನವನಿಂದ ಹಿಡಿದು ನೀರು ಕೊಟ್ಟವಳವರೆಗೆ ಎಲ್ಲರನ್ನೂ ಹೋಗಿ ಮಾತಾಡಿಸಿ ಬಂದ.

ನರ್ಸಮ್ಮ ಅವತ್ತು ಆಸ್ಪತ್ರೆಗೆ ರಜೆ ಹಾಕಿ ಕೊನೆಯ ಸಾಲಿನಲ್ಲಿ ಕೂತಿದ್ದಳು. ನಿರೂಪಕ "ಕೊನೆಯದಾಗಿ ವಂದನಾರ್ಪಣೆ" ಎಂದದ್ದೇ ತಡ, ಸಭೆಗೆ ಸಭೆಯೇ ಎದ್ದಿತು. ಕುರ್ಚಿಗಳು ಕಿರ್ರೆಂದವು, ಚಹಾದ ಕಡೆಗೆ ನೂಕುನುಗ್ಗಲು. ಮಾತಾಡುತ್ತ ನಿಂತವನ ಮುಂದೆ ಬರೀ ಬೆನ್ನುಗಳು. ತಂತಮ್ಮ ಹೆಸರು ಕೇಳಿದಾಗಲೂ ಅವರು ಹಿಂತಿರುಗಿ ನೋಡಲಿಲ್ಲ. ನರ್ಸಮ್ಮನಿಗೆ ಎದ್ದು ಹೋಗಿ ಒಬ್ಬೊಬ್ಬರ ರಟ್ಟೆ ಹಿಡಿದು ಕೂರಿಸೋಣ ಅನ್ನಿಸಿತ್ತು.

ದಾರಿಯಲ್ಲಿ ತಮ್ಮ, "ಯಾರನ್ನೂ ಬಿಡಲಿಲ್ಲ ಅಲ್ವಾ ಅಕ್ಕಾ?" ಎಂದು ಕೇಳಿದ.

"ನೀನು ಯಾರನ್ನೂ ಬಿಡಲಿಲ್ಲ ಕಣೋ. ಎಲ್ಲರೂ ನಿನ್ನ ಬಿಟ್ಟು ಹೋದ್ರು."

"ಪಾಪ, ಹಸಿದಿರ್ತಾರೆ. ಬಿಟ್ಬಿಡು."

ಅದಾದ ಮೇಲೆ ಪ್ರತಿ ವರ್ಷವೂ ಅದೇ ಮಾತು, ಅದೇ ಬೆನ್ನು. ಚಿತ್ರದ ವಿಷಯ ಎತ್ತಿದರೆ ಮುಂದಿನ ವರ್ಷ. ಅಧ್ಯಕ್ಷರ ಅಳಿಯನ ಚಿತ್ರಕ್ಕೆ, ಅಳಿಯನ ಸ್ನೇಹಿತನ ಚಿತ್ರಕ್ಕೆ ಗೋಡೆ ಸಿಗುತ್ತಿತ್ತು. ಇವನಿಗೆ ಸಿಕ್ಕಿದ್ದು ಮೈಕು, ಅದೂ ಎಲ್ಲರೂ ಎದ್ದುಹೋದ ಮೇಲೆ.

ಈ ವರ್ಷ ಹೇಗೋ ಏನೋ ಒಪ್ಪಿದರು. ಯಾವ ಚಿತ್ರ ಎಂದು ಕೇಳಲೂ ಇಲ್ಲ. ತಮ್ಮ ಎರಡು ತಿಂಗಳು ಊಟ ನಿದ್ದೆ ಮರೆತು ಬರೆದ. ಫ್ರೇಮಿನವನು ಒಳ್ಳೆಯ ಮರ ಹುಡುಕಿ ಕಟ್ಟು ಹಾಕಿಕೊಟ್ಟ. ವೇದಿಕೆಯ ಮೇಲಿನಿಂದ ಕಾಣುವ ಸಭಾಂಗಣದ ಚಿತ್ರ ಅದು: ಅಡ್ಡಾದಿಡ್ಡಿಯಾದ ಕುರ್ಚಿಗಳು, ಬಾಗಿಲಿನಾಚೆ ಹೊಳೆಯುವ ಕಡಲು, ನಡುವೆ ಹೊರಟ ಜನರ ಬೆನ್ನುಗಳು. ಮುಖ ಒಂದೂ ಇಲ್ಲ. ಆದರೆ ಆ ಬೋಳು ನೆತ್ತಿ ಅಧ್ಯಕ್ಷರದ್ದೆಂದು, ಆ ಅಗಲ ಟೋಪಿ ಪ್ರತಿ ವರ್ಷ ಬರುವ ದೊಡ್ಡ ಕಲಾವಿದನದ್ದೆಂದು, ಹೆಗಲಿಂದ ಜಾರಿದ ಆ ಕೆಂಪು ಶಾಲು ಭಾಷಣಕ್ಕೆ ಬರುವ ಉಪನ್ಯಾಸಕಿಯದ್ದೆಂದು ಯಾರಾದರೂ ಹೇಳುವಂತಿತ್ತು. ಇಷ್ಟು ವರ್ಷ ಅವನು ನೋಡಿದ್ದೇ ಅದನ್ನಲ್ಲವೇ!

ಮೊನ್ನೆ ಸಂಜೆ ಅವನೇ ಗೋಡೆಗೆ ತೂಗುಹಾಕಿ ಬಂದ. ನಿನ್ನೆ ಬೆಳಿಗ್ಗೆ ಹೋಗಿ ನೋಡಿದರೆ ಚಿತ್ರದ ಮುಖ ಗೋಡೆಯ ಕಡೆಗಿತ್ತು.

"ಇದು ಕಲೆಯಲ್ಲ ಮೇಷ್ಟ್ರೇ, ಅವಮಾನ," ಎಂದರಂತೆ ಅಧ್ಯಕ್ಷರು. "ತಗೊಂಡ್ಹೋಗಿ. ವಂದನಾರ್ಪಣೆಗೆ ಮಾತ್ರ ಸರಿಯಾದ ಟೈಮಿಗೆ ಬನ್ನಿ."

ಕಡಲ ಗಾಳಿಗೆ ಹಾಯಿಯಂತೆ ಎಳೆದಾಡುವ ಅಷ್ಟು ದೊಡ್ಡ ಚಿತ್ರವನ್ನು ತಬ್ಬಿಕೊಂಡು ಅವನೊಬ್ಬನೇ ಏರು ಹತ್ತಿ ಮನೆಗೆ ತಂದ. ನರ್ಸಮ್ಮ ಕೂಗಾಡಿದಳು, ಈಗಲೇ ಹೋಗಿ ಅವರ ಗ್ರಹಚಾರ ಬಿಡಿಸುತ್ತೇನೆಂದು ಚಪ್ಪಲಿ ಮೆಟ್ಟಿದಳು. ಅವನು ಅವಳ ಕೈ ಹಿಡಿದುಕೊಂಡ. ಅವನ ಕೈ ತಣ್ಣಗೆ ಬೆವೆತಿತ್ತು. "ಬಿಟ್ಬಿಡು ಅಕ್ಕಾ," ಎಂದು ಮಂಚದ ಮೇಲೆ ಒರಗಿದ. ಆಸ್ಪತ್ರೆಯಲ್ಲಿ ಜೀವಮಾನವಿಡೀ ಪರರ ನಾಡಿ ಹಿಡಿದವಳಿಗೆ ತಮ್ಮನ ನಾಡಿ ಎರಡನೆಯ ಸಲ ಸಿಗಲಿಲ್ಲ.

*

ದೊಡ್ಡ ಕಲಾವಿದನ ಭಾಷಣ ನಡೆದಿತ್ತು. ಹೆಣದ ಮುಂದೆಯೂ ಆತನ ಟೋಪಿ ತಲೆ ಬಿಟ್ಟು ಇಳಿದಿರಲಿಲ್ಲ. "ಈ ಮೇಷ್ಟ್ರನ್ನ ನೋಡಿದಾಗಲೆಲ್ಲ ನನಗೆ ನನ್ನ ಕಷ್ಟದ ದಿನಗಳು ನೆನಪಾಗ್ತಿದ್ವು," ಎಂದು ಶುರುಮಾಡಿ, ಆ ದಿನಗಳಿಂದ ಹೊರಟು, ತನ್ನ ಮೊದಲ ಪ್ರದರ್ಶನ ಹಾಯ್ದು, ತನಗೆ ಬಂದ ಪ್ರಶಸ್ತಿಗಳ ಹತ್ತಿರ ಬಿಡಾರ ಹೂಡಿದ. ಉಪನ್ಯಾಸಕಿ ಶಾಲು ಸರಿಪಡಿಸಿಕೊಂಡು ಸಾವು ಎಂಬುದು ಖಾಲಿ ಕ್ಯಾನ್ವಾಸು ಎಂದಳು. ಆ ಮಾತು ಅವಳಿಗೇ ಎಷ್ಟು ಹಿಡಿಸಿತೆಂದರೆ, ಫೋಟೊದವನು ಹತ್ತಿರ ಬಂದಾಗ ಇನ್ನೊಮ್ಮೆ ಹೇಳಿದಳು.

ಸ್ಮಶಾನದ ವ್ಯಾನಿನವನು ಗೇಟಿನಿಂದ ಇಣುಕಿ, "ಇನ್ನೂ ಎಷ್ಟೊತ್ತಮ್ಮ?" ಎಂದು ಕೈಸನ್ನೆ ಮಾಡಿದ.

"ಇವರ ಬಾಯಿ ನೋಯೋವರೆಗೆ," ಎಂದಳು ನರ್ಸಮ್ಮ, ಎಲ್ಲರಿಗೂ ಕೇಳುವಂತೆಯೇ.

ಅಧ್ಯಕ್ಷರು ಕೊನೆಗೆ ಎದ್ದರು. ಮೇಷ್ಟ್ರಿಗೂ ತಮಗೂ ಒಂದು ದಿನವೂ ಮನಸ್ತಾಪ ಬಂದಿರಲಿಲ್ಲ ಎಂದರು. ಅವರ ಕಲೆಗೆ ಉತ್ಸವದ ಬಾಗಿಲು ಸದಾ ತೆರೆದಿತ್ತು ಎಂದರು. ಕರ್ಚೀಫಿನಿಂದ ಕಣ್ಣು ಒತ್ತಿಕೊಂಡು ಕೂತರು. ಫ್ರೇಮಿನವನು ಹಲ್ಲು ಕಡಿಯುತ್ತಿದ್ದ. ನರ್ಸಮ್ಮ ತಮ್ಮನ ಮುಖ ನೋಡಿದಳು. ಬಿಟ್ಬಿಡು ಅಕ್ಕಾ. ಸರಿಯಪ್ಪ, ಬಿಟ್ಟೆ, ನಿನ್ನನ್ನ ಎತ್ತಿಕೊಂಡು ಹೋದರೆ ಸಾಕು ಅಂದುಕೊಂಡಳು.

ಆಗ ನಿರೂಪಕ ಮೈಕಿನ ಹತ್ತಿರ ಬಂದ. ಗಂಟಲು ಸರಿಮಾಡಿಕೊಂಡ. ಇಷ್ಟು ವರ್ಷಗಳ ರೂಢಿ, ನಾಲಿಗೆ ತಾನಾಗಿಯೇ ಹೊರಳಿತು.

"ಕೊನೆಯದಾಗಿ ವಂದನಾರ್ಪಣೆ. ನಮ್ಮ ಡ್ರಾಯಿಂಗ್ ಮೇಷ್ಟ್ರಿಂದ."

ಮಾತು ಮುಗಿಯುವ ಮೊದಲೇ ಅಂಗಳಕ್ಕೆ ಅಂಗಳವೇ ಎದ್ದಿತು. ಕುರ್ಚಿಗಳು ಕಿರ್ರೆಂದವು. ದೊಡ್ಡ ಕಲಾವಿದ ಗೇಟಿನ ಕಡೆ ತಿರುಗಿಯಾಗಿತ್ತು, ಅಧ್ಯಕ್ಷರು ಕಾರಿನ ಕೀಲಿಗೆ ಜೇಬು ತಡಕುತ್ತಿದ್ದರು, ಉಪನ್ಯಾಸಕಿಯ ಶಾಲು ಹೆಗಲಿನಿಂದ ಜಾರಿತ್ತು. ಏನಾಯಿತೆಂದು ಅವರಲ್ಲೊಬ್ಬರಿಗೂ ಹೊಳೆಯಲಿಲ್ಲ. ಹೊಳೆದದ್ದು ನಿರೂಪಕನಿಗೊಬ್ಬನಿಗೆ. ಅವನು ಬಾಯಿ ಮೇಲೆ ಕೈಯಿಟ್ಟುಕೊಂಡು ಬಿಳಿಚಿಕೊಂಡ.

ಸತ್ತ ಮೇಲೂ ಬೆನ್ನೇ! ನರ್ಸಮ್ಮನಿಗೆ ಅಳು ಬಂತೋ ಸಿಟ್ಟು ಬಂತೋ, ಎರಡೂ ಒಟ್ಟಿಗೇ ಬಂದವು. "ತಗೊಂಡು ಬಾರೋ ಅದನ್ನ!" ಎಂದು ಫ್ರೇಮಿನವನಿಗೆ ಕೂಗಿ ಮೈಕಿಗೆ ಕೈಹಾಕಿದಳು.

"ಕೂತ್ಕೊಳ್ಳಿ ಎಲ್ಲರೂ. ವಂದನಾರ್ಪಣೆ ಆಗಿಲ್ಲ ಇನ್ನೂ."

ವಾರ್ಡಿನಲ್ಲಿ ನೂರಾರು ಹೆಂಗಸರನ್ನು ಗದರಿಸಿ ಹೆರಿಗೆ ಮಾಡಿಸಿದ ದನಿ ಅದು. ಎಲ್ಲರೂ ಇದ್ದಲ್ಲೇ ಕೂತರು. ಕುರ್ಚಿ ಸಿಗದವರು ಹಾಗೇ ನಿಂತರು.

"ನನ್ನ ತಮ್ಮ ಏಳೋ ಹಾಗಿಲ್ಲ, ಅದಕ್ಕೆ ನಾನೇ ಹೇಳ್ತೀನಿ. ಅಧ್ಯಕ್ಷರಿಗೆ ವಂದನೆ. ಪ್ರತಿ ವರ್ಷ ಮುಂದಿನ ವರ್ಷ ಅಂದದ್ದಕ್ಕೆ. ನಿನ್ನೆ ಅವನ ಚಿತ್ರನ ಗೋಡೆ ಕಡೆ ತಿರುಗಿಸಿ, ಆ ಗಾಳೀಲಿ ಅವನೊಬ್ಬನ ಕೈಲೇ ಹೊರಿಸಿ ಕಳಿಸಿದ್ದಕ್ಕೆ. ಟೋಪಿಯವರಿಗೆ ವಂದನೆ. ಇಷ್ಟು ವರ್ಷ ಅವನು ನಿಮ್ಮ ಹೆಸರು ಬಿರುದುಬಾವಲಿ ಸಮೇತ ಹೇಳ್ದ, ನಿಮಗೆ ಅವನ ಹೆಸರು ಗೊತ್ತಾ? ಗೊತ್ತಿದ್ರೆ ಈಗ ಹೇಳಿ ನೋಡೋಣ."

ಟೋಪಿಯವನು ಪಕ್ಕದವಳನ್ನು ನೋಡಿದ. ಅವಳು ತನ್ನ ಬ್ಯಾಡ್ಜನ್ನು ನೋಡಿಕೊಂಡಳು.

"ಅವನು ಯಾರನ್ನೂ ಬಿಡ್ತಿರ್ಲಿಲ್ಲ. ನಾನೂ ಬಿಡಲ್ಲ," ಎನ್ನುವಾಗ ನರ್ಸಮ್ಮನ ದನಿ ಒಡೆಯಿತು. ಸೆರಗಿನಿಂದ ಮೂಗು ಒರೆಸಿಕೊಂಡಳು.

ಫ್ರೇಮಿನವನು ಚಿತ್ರವನ್ನು ಹೊತ್ತು ತಂದ. ಬಾಗಿಲ ಪಕ್ಕ, ತಮ್ಮ ದಿನವೂ ಛತ್ರಿ ನೇತುಹಾಕುತ್ತಿದ್ದ ದಪ್ಪ ಮೊಳೆಯಿತ್ತು. ಅದಕ್ಕೇ ಸಿಕ್ಕಿಸಿ, ಒಂದು ಮೂಲೆ ಎತ್ತಿ ಮಟ್ಟ ನೋಡಿ, ಬೆಡ್‌ಶೀಟು ಎಳೆದ.

ಸತ್ತವನ ತಲೆಯ ಮೇಲ್ಗಡೆ ಕಡಲು ಹೊಳೆಯಿತು. ಅದರ ಮುಂದೆ ಆ ಬೋಳು ನೆತ್ತಿ, ಆ ಟೋಪಿ, ಆ ಜಾರಿದ ಶಾಲು. ಬೀದಿಯಲ್ಲಿ ನಿಂತಿದ್ದ ಅಕ್ಕಪಕ್ಕದವರು ಕತ್ತು ಚಾಚಿ ಚಿತ್ರ ನೋಡಿದರು, ಕುರ್ಚಿಯಲ್ಲಿದ್ದವರನ್ನು ನೋಡಿದರು, ಮತ್ತೆ ಚಿತ್ರ ನೋಡಿದರು. ವ್ಯಾನಿನವನು "ಅರೆ, ಇವರೇ ಅಲ್ವಾ!" ಎಂದು ಬೆರಳು ತೋರಿಸಿಯೇಬಿಟ್ಟ.

"ವಂದನಾರ್ಪಣೆ ಮುಗೀತು," ಎಂದಳು ನರ್ಸಮ್ಮ. "ಈಗ ಹೊರಡಿ. ಉದ್ಘಾಟನೆಗೆ ಹೊತ್ತಾಯ್ತು."

ಹೊರಡಬೇಕಾದರೆ ಗೇಟಿನ ಕಡೆ ತಿರುಗಬೇಕು. ಯಾರೂ ತಿರುಗಲಿಲ್ಲ.

ಮೊದಲು ಎದ್ದವರು ಅಧ್ಯಕ್ಷರು. ಒಂದು ಕೈ ನೆತ್ತಿಯ ಮೇಲಿಟ್ಟುಕೊಂಡು, ಮುಖ ಹೆಣದ ಕಡೆಗೇ ಇಟ್ಟುಕೊಂಡು ಒಂದು ಹೆಜ್ಜೆ ಹಿಂದಕ್ಕೆ ಸರಿದರು. ದೊಡ್ಡ ಕಲಾವಿದ ಟೋಪಿ ತೆಗೆದು ಎದೆಗೊತ್ತಿಕೊಂಡು ಹಿಂದಕ್ಕೆ ಸರಿದ. ಉಪನ್ಯಾಸಕಿ ಶಾಲನ್ನು ಕುತ್ತಿಗೆಯವರೆಗೆ ಬಿಗಿಯಾಗಿ ಸುತ್ತಿಕೊಂಡಳು. ಒಬ್ಬೊಬ್ಬರಾಗಿ ಎಲ್ಲರೂ ಹಿಮ್ಮುಖವಾಗಿ, ಕಾಲಿಂದಲೇ ದಾರಿ ತಡಕಾಡುತ್ತ, ಕುರ್ಚಿಗಳನ್ನು ಉರುಳಿಸುತ್ತ, ಮೇಷ್ಟ್ರ ಮುಖವನ್ನೇ ನೋಡುತ್ತ ಹೊರಟರು. ಗೇಟಿನ ಹತ್ತಿರ ಅಧ್ಯಕ್ಷರ ಬೆನ್ನೂ ನಿರೂಪಕನ ಬೆನ್ನೂ ಧಡಾರನೆ ಬಡಿದುಕೊಂಡವು. ಆಗಲೂ ಇಬ್ಬರೂ ತಿರುಗಲಿಲ್ಲ.