ಕಿವಿಯ ಹಿಂದಿನ ವೈರು

ಡಬ್ಬ ಬುಡಮೇಲಾಗಿ ನಿಂತು ಎಷ್ಟು ಹೊತ್ತಾಯಿತೋ ದೊಡ್ಡಕ್ಕನಿಗೆ ಅಂದಾಜೇ ಸಿಗಲಿಲ್ಲ. ತಲೆಗೆ ಹೆಲ್ಮೆಟ್, ಕಣ್ಣಿಗೆ ಏನೂ ಕಾಣದ ಕಪ್ಪು ಕನ್ನಡಕ, ಮೂಗಿನ ತುಂಬ ಕೊಳದ ನೀರು, ತಲೆ ಕೆಳಗೆ, ಕಾಲು ಮೇಲೆ. ಬಲಗೈ ಕಿಟಕಿಯ ಚೌಕಟ್ಟನ್ನು ಬಿಟ್ಟಿರಲಿಲ್ಲ, ಅಷ್ಟು ಅವಳಿಗೆ ಖಾತ್ರಿಯಿತ್ತು. ಎಡಗೈ ಸೊಂಟದ ಬೆಲ್ಟಿಗೆ ಹೋಗಬೇಕಿತ್ತು. ಅದು ಎಲ್ಲಿಗೆ ಹೋಗಿತ್ತೋ ಏನೋ. ಎದೆ ಒಡೆಯುವ ಹಾಗಾಯಿತು. ಅಷ್ಟರಲ್ಲಿ ಯಾರದೋ ಕೈ ಅವಳ ಕೊರಳಪಟ್ಟಿಗೆ ಬಿತ್ತು, ಬೆಲ್ಟು ಕಳಚಿತು. ಡೈವರ್‌ಗಳಿಬ್ಬರು ಮೂಟೆ ಎಳೆದ ಹಾಗೆ ಅವಳನ್ನು ಎಳೆದು ತಂದು ಕೊಳದ ಅಂಚಿನ ಮೇಲೆ ಹಾಕಿದರು.

ಸಮುದ್ರದ ಮೇಲೆ ಹಾರುವ ಸೇನೆಯ ಹೆಲಿಕಾಪ್ಟರ್ ಪೈಲಟ್‌ಗಳೆಲ್ಲ ನಾಲ್ಕು ವರ್ಷಕ್ಕೊಮ್ಮೆ ಈ ಡಬ್ಬದಲ್ಲಿ ಮುಳುಗಿ ಏಳಬೇಕು. ಡಬ್ಬ ಅಂದರೆ ಹೆಲಿಕಾಪ್ಟರಿನ ಮುಂಭಾಗದ ಹಾಗೆ ಮಾಡಿದ ಕಬ್ಬಿಣದ ಗೂಡು. ಒಳಗೆ ಕೂರಿಸಿ, ಬೆಲ್ಟು ಬಿಗಿದು, ಸರಪಳಿಯಲ್ಲಿ ಕೊಳಕ್ಕೆ ಇಳಿಸುತ್ತಾರೆ. ಅದು ಮುಳುಗುತ್ತಲೇ ಮಗುಚಿಕೊಳ್ಳುತ್ತದೆ. ಒಳಗಿದ್ದವರು ಇಪ್ಪತ್ತು ಸೆಕೆಂಡಿನೊಳಗೆ ಕಿಟಕಿ ತಳ್ಳಿ, ಬೆಲ್ಟು ಬಿಚ್ಚಿ, ತಾವಾಗಿಯೇ ಹೊರಗೆ ಬರಬೇಕು. ಡೈವರ್ ಮುಟ್ಟಿದರೆ ಫೇಲು. ಈ ವರ್ಷದಿಂದ ಕೊನೆಯ ಸುತ್ತಿಗೆ ಕಪ್ಪು ಕನ್ನಡಕವನ್ನೂ ಸೇರಿಸಿದ್ದರು. ಆ ಸುತ್ತಿನಲ್ಲಿ ಮೂರು ಸಲ ಫೇಲಾದವರಿಗೆ ಸಮುದ್ರದ ಹಾರಾಟ ಮುಗಿದ ಹಾಗೆ. ದೊಡ್ಡಕ್ಕನಿಗೆ ಇದು ಎರಡನೆಯದು.

ಹನ್ನೆರಡು ಜನರ ತಂಡದಲ್ಲಿ ನಲವತ್ತು ದಾಟಿದವಳು ಅವಳೊಬ್ಬಳೇ. ಉಳಿದವರು ಮೊದಲ ದಿನವೇ ಅವಳಿಗೆ ದೊಡ್ಡಕ್ಕ ಎಂದು ಹೆಸರಿಟ್ಟಿದ್ದರು. ಆ ಹನ್ನೊಂದು ಜನರೂ ಕಪ್ಪು ಕನ್ನಡಕದಲ್ಲಿ ಒಂದೇ ಏಟಿಗೆ ಪಾಸಾಗಿ, ಟವೆಲ್ ಹೊದ್ದು ಗೋಡೆಗೆ ಒರಗಿ ಕೂತಿದ್ದರು. ಯಾರೂ ಅವಳ ಮುಖ ನೋಡಲಿಲ್ಲ. ಅವರು ನಕ್ಕಿದ್ದರೂ ಅವಳು ತಡೆದುಕೊಳ್ಳುತ್ತಿದ್ದಳು. ಹೀಗೆ ಮುಖ ತಿರುಗಿಸಿ ಕೂತದ್ದಕ್ಕೆ ಅವಳ ಮೈಯೆಲ್ಲ ಉರಿಯಿತು.

ತರಬೇತಿಯ ಮುಖ್ಯಸ್ಥನನ್ನು ಎದುರಿಗೆ ಎಲ್ಲರೂ ಚೀಫ್ ಎನ್ನುತ್ತಿದ್ದರು, ಹಿಂದೆ ಆಮೆ ಎನ್ನುತ್ತಿದ್ದರು. ಇಪ್ಪತ್ತು ವರ್ಷ ನೀರಿನಲ್ಲೇ ಕಳೆದ ಮನುಷ್ಯ, ಮಾತೂ ನಡಿಗೆಯೂ ನಿಧಾನ. ಫಾರಂನಲ್ಲಿ ಕಾರಣ ಎಂದಿದ್ದ ಕಡೆ ಗುಂಡು ಅಕ್ಷರದಲ್ಲಿ ಏನೋ ಬರೆದು ಅವಳ ಮುಂದೆ ಹಿಡಿದ.

"ಏನು ಬರೆದ್ರಿ ಚೀಫ್?"

"ಗಾಬರಿ. ಮೊದಲನೇ ಸಲಾನೂ ಅದೇ, ಈಗಲೂ ಅದೇ. ಕೈ ಕತ್ತಿನ ಹತ್ತಿರ ಒದ್ದಾಡ್ತಿತ್ತು ಅಂತ ಇಬ್ಬರು ಡೈವರೂ ಹೇಳ್ತಾರೆ. ಎರಡು ಫಾರಂಗೂ ಸಹಿ ಹಾಕಿ ಮೇಡಂ."

"ಹಾಕಲ್ಲ."

"ಓದಿದ್ದೀನಿ ಅಂತ ಅಷ್ಟೇ."

"ಓದಿದೆ. ಸುಳ್ಳು ಅಂತಾನೂ ಗೊತ್ತಾಯ್ತು. ನನಗೆ ಭಯ ಆಗಿದೆ, ಉಸಿರು ಕಟ್ಟಿದೆ. ಗಾಬರಿ ಆಗಿಲ್ಲ. ಆಗಿದ್ರೆ ನಾನೇ ಬರೆದು ಕೊಡ್ತಿದ್ದೆ."

ಆಮೆ ಫಾರಂ ಕೆಳಗಿಟ್ಟ. "ಕೈ ಏನು ಹುಡುಕ್ತಿತ್ತು ಹಾಗಾದ್ರೆ?"

ಅವಳು ಎಡಗೈ ಎತ್ತಿ ತಿರುಗಿಸಿ ನೋಡಿಕೊಂಡಳು. ಹೋದ ವರ್ಷ ನಡುಸಮುದ್ರದಲ್ಲಿ ಒಂದು ಎಂಜಿನ್ ಕೆಟ್ಟಾಗ, ಮುಳುಗುತ್ತಿದ್ದ ದೋಣಿಯಿಂದ ಎತ್ತಿಕೊಂಡಿದ್ದ ಏಳು ಮೀನುಗಾರರ ಸಮೇತ ಅರ್ಧ ಗಂಟೆ ಹಾರಿ ದಡ ಸೇರಿಸಿದವಳು ಅವಳು. ಆಗ ಈ ಎರಡೂ ಕೈಗಳು ಎಳ್ಳಷ್ಟೂ ನಡುಗಿರಲಿಲ್ಲ. ಈಗ ತನ್ನದೇ ಎಡಗೈ ತನಗೆ ಹೇಳದೆ ಎಲ್ಲಿಗೋ ಹೋಗುತ್ತಿದೆ.

ತರಬೇತಿ ಕೇಂದ್ರದ ಡಾಕ್ಟರು ಒಳ್ಳೆಯವರು. ಕೋಣೆಗೆ ಕರೆದು, ಬಾಗಿಲು ಮುಂದೆ ಮಾಡಿ, ದನಿ ತಗ್ಗಿಸಿದರು. "ಕಿವಿ ಒಳಗೆ ಒತ್ತಡ ಅಂತ ಎರಡು ಸಾಲು ಗೀಚಿ ಕೊಡ್ತೀನಿ. ನಾಳೆ ಮೂರನೇ ಸಲ ಇಳಿಯೋದೇ ಬೇಡ. ಮರ್ಯಾದೆಯಾಗಿ ಆಫೀಸಲ್ಲಿ ಡ್ಯೂಟಿ ಪಟ್ಟಿ ಮಾಡ್ಕೊಂಡು ಇರಬಹುದು. ನಾಳೆನೂ ಗಾಬರಿ ಅಂತ ಬಿದ್ರೆ ಆ ಪದ ನಿವೃತ್ತಿವರೆಗೂ ಬೆನ್ನು ಬಿಡಲ್ಲ, ಯೋಚನೆ ಮಾಡಿ."

"ನನ್ನ ಕಿವಿ ಸರಿಯಾಗಿದೆ ಡಾಕ್ಟ್ರೇ. ನೀವು ಅಷ್ಟು ಮೆಲ್ಲಗೆ ಹೇಳಿದ್ದೂ ಕೇಳಿಸ್ತು" ಎಂದು ಅವಳು ಎದ್ದು ಬಂದಳು.

ಸಂಜೆ ಮನೆಯಲ್ಲಿ ಬಟ್ಟೆ ಬದಲಿಸಿದವಳೇ ಊಟದ ಮೇಜಿನ ಕುರ್ಚಿಯೊಂದನ್ನು ಹಾಲಿನ ನಡುವೆ ಎಳೆದು ಕೂತಳು. ಗಂಡನ ಎರಡು ಬೆಲ್ಟು ತರಿಸಿ ಸೊಂಟಕ್ಕೊಂದು, ಎದೆಗೊಂದು ಬಿಗಿಸಿಕೊಂಡಳು. ಕಣ್ಣಿಗೆ ಟವೆಲ್ ಕಟ್ಟಿಸಿಕೊಂಡಳು.

"ಕುರ್ಚೀನ ಪೂರ್ತಿ ಹಿಂದಕ್ಕೆ ವಾಲಿಸಿ ಹಿಡ್ಕೋ. ಬಿಡು ಅಂದಾಗ ಬಿಡಬೇಡ, ಇಳಿಸು."

"ನಿನ್ನ ಹಠಕ್ಕೆ ನನ್ನ ಸೊಂಟ ಹೋಗುತ್ತೆ ಅಷ್ಟೇ" ಎಂದು ಗೊಣಗುತ್ತಲೇ ಗಂಡ ವಾಲಿಸಿದ. ಹತ್ತು ವರ್ಷದ ಸಂಸಾರದಲ್ಲಿ ಅವನು ಕಲಿತಿದ್ದ ಮುಖ್ಯ ಪಾಠವೆಂದರೆ ಗೊಣಗುತ್ತ ಹೇಳಿದ್ದನ್ನು ಮಾಡುವುದು.

ಅತ್ತೆ ಸೋಫಾದ ಮೇಲೆ ಮೊರ ಇಟ್ಟುಕೊಂಡು ಬಟಾಣಿ ಸುಲಿಯುತ್ತಿದ್ದರು. ಸೊಸೆ ಉಸಿರು ಬಿಗಿಹಿಡಿದಳು, ಬಲಗೈಯಲ್ಲಿ ಇಲ್ಲದ ಕಿಟಕಿ ಹಿಡಿದಳು, ಎಡಗೈ ಆಡಿಸಿದಳು. ಒಂದು ಸಲ, ಎರಡು ಸಲ, ಮೂರು ಸಲ. ಅತ್ತೆಯ ಬೆರಳು ಬಟಾಣಿಯ ಮೇಲೇ ನಿಂತಿತು.

"ಎಡಕಿವಿ ಹಿಂದೆ ಏನೇ ಅದು, ತುರಿಕೆನಾ?"

"ಯಾಕತ್ತೆ?"

"ಮೂರು ಸಲಾನೂ ಕೈ ಮೊದಲು ಅಲ್ಲಿಗೇ ಹೋಯ್ತು. ಆಮೇಲೆ ಬೆಲ್ಟಿಗೆ ಬಂತು. ಇನ್ನೊಂದು ಸಲ ಮಾಡು."

ಮಾಡಿದಳು. ಅತ್ತೆ ಮೊರ ಪಕ್ಕಕ್ಕಿಟ್ಟು ಎದ್ದು ಬಂದರು. ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ತಲೆಗೆ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದ ಹೆಂಗಸು. ಸೊಸೆಯ ಎಡಗೈ ಹಿಡಿದು ಅವಳ ಕಿವಿಯ ಹಿಂದೆ ಒಯ್ದು, ಹೆಬ್ಬೆರಳು ತೋರುಬೆರಳು ಜೋಡಿಸಿ ಕೆಳಕ್ಕೆ ಎಳೆಸಿದರು.

"ನೀನು ವೈರು ಕೀಳ್ತಿದ್ದೀಯ ಕಣೇ. ಇದು ನನಗೆ ಗೊತ್ತಿಲ್ವಾ. ಸೀಟು ಬಿಟ್ಟು ಏಳೋ ಮುಂಚೆ ನಾವೂ ಹೀಗೇ ಕೀಳ್ತಿದ್ವಿ. ಮರೆತು ಎದ್ರೆ ತಲೇನ ಹಿಂದಕ್ಕೆ ಜಗ್ಗೋದು. ಒಂದು ಸಲ ನನ್ನ ಕತ್ತು ಎಂಟು ದಿನ ತಿರುಗಲಿಲ್ಲ."

ದೊಡ್ಡಕ್ಕ ಟವೆಲ್ ಕಿತ್ತೆಸೆದಳು. ಹದಿನಾರು ವರ್ಷ. ಪ್ರತಿ ಸಲ ನೆಲಕ್ಕಿಳಿದು, ರೆಕ್ಕೆ ನಿಂತ ಮೇಲೆ, ಮೊದಲು ಹೆಲ್ಮೆಟ್ಟಿನ ವೈರು, ಆಮೇಲೆ ಬೆಲ್ಟು. ಹೆಲಿಕಾಪ್ಟರಿನ ಛಾವಣಿಯಿಂದ ಇಳಿಯುವ ಆ ವೈರಿನಲ್ಲೇ ಮಾತು ಕೇಳುವುದು, ಮಾತಾಡುವುದು. ಕೊಳದ ಡಬ್ಬದಲ್ಲಿ ವೈರೇ ಇಲ್ಲ. ಕಣ್ಣು ಕಾಣುವಾಗ ಇಲ್ಲ ಎಂದು ಕೈಗೆ ತಿಳಿಯುತ್ತಿತ್ತು. ಕತ್ತಲೆಯಲ್ಲಿ ಕೈ ತನ್ನ ಕೆಲಸ ತಾನು ಮಾಡಲು ಹೋಗಿ, ಇಲ್ಲದ ವೈರನ್ನು ಹುಡುಕುತ್ತಿತ್ತು. ಆ ಹನ್ನೊಂದು ಜನರ ಕೈಗೆ ಅಭ್ಯಾಸ ಇನ್ನೂ ಅಷ್ಟು ಇಳಿದಿರಲಿಲ್ಲ. ಅವಳಿಗೆ ಅಳುವೂ ಬಂತು ನಗುವೂ ಬಂತು. ಕೊನೆಗೆ ಎರಡನ್ನೂ ನುಂಗಿ, ಬೆಲ್ಟು ಬಿಚ್ಚಿ ಎದ್ದು, ಅತ್ತೆಯ ಮೊರದಿಂದ ಒಂದು ಹಿಡಿ ಬಟಾಣಿ ತೆಗೆದು ಬಾಯಿಗೆ ಹಾಕಿಕೊಂಡಳು.

ಬೆಳಿಗ್ಗೆ ಎಂಟಕ್ಕೆ ಅವಳು ಕೊಳಕ್ಕೆ ಬಂದಾಗ ಕೈಯಲ್ಲಿ ಹೆಲಿಕಾಪ್ಟರ್ ವರ್ಕ್‌ಶಾಪಿನಿಂದ ತಂದ ಸುರುಳಿ ವೈರೊಂದಿತ್ತು.

"ಇದನ್ನ ಡಬ್ಬಕ್ಕೆ ಹಾಕಿಸಿ ಚೀಫ್. ಆಮೇಲೆ ಇಳಿತೀನಿ."

ಆಮೆ ವೈರನ್ನೂ ಅವಳನ್ನೂ ನೋಡಿದ. ಅವಳು ಎಲ್ಲವನ್ನೂ ಹೇಳಿದಳು, ಅತ್ತೆಯ ಎಕ್ಸ್‌ಚೇಂಜಿನ ತನಕ. ಆಮೆ ತಲೆಯಾಡಿಸಿದ. "ಮೇಡಂ, ಫೇಲಾದವರು ಹೇಳೋ ಕಾರಣ ಕೇಳಿ ಕೇಳಿ ನನ್ನ ಕೂದಲು ಉದುರಿದೆ. ಕನ್ನಡಕ ಜಾರ್ತು, ಬೂಟು ಸಿಕ್ಕಿಕೊಳ್ತು, ಈಗ ಇಲ್ಲದ ವೈರು."

"ಇಲ್ಲ ಅನ್ನೋದೇ ನನ್ನ ತಕರಾರು."

ಅವಳು ತರಬೇತಿಯ ನಿಯಮಪುಸ್ತಕವನ್ನು ಬಿಡಿಸಿ, ನಾಲ್ಕನೇ ಪುಟದಲ್ಲಿ ಬೆರಳಿಟ್ಟಳು. ಹಾರಾಟದ ಹೊತ್ತಿನಲ್ಲಿ ಮೈಮೇಲಿರುವ ಎಲ್ಲ ಸಲಕರಣೆಯೊಂದಿಗೆ ಅಭ್ಯಾಸ ನಡೆಯತಕ್ಕದ್ದು ಎಂದಿತ್ತು. "ಡಬ್ಬದಲ್ಲಿ ಹೆಲ್ಮೆಟ್ ನನ್ನ ತಲೆ ಮೇಲಿರುತ್ತೆ. ಅದರ ಬಾಲ ಎಲ್ಲಿ? ನಿಜವಾದ ಸಮುದ್ರದಲ್ಲಿ ಬಿದ್ರೆ ವೈರು ಇರುತ್ತಲ್ಲ ಚೀಫ್. ಆಗ ನೀವು ಕಲಿಸಿದ ಹಾಗೆ ಬರೀ ಬೆಲ್ಟು ಬಿಚ್ಚಿ ಹೊರಟವರ ಕತ್ತಿನ ಗತಿ ಏನು?"

"ಜೋರಾಗಿ ಎಳೆದ್ರೆ ಕಳಚಿಕೊಳ್ಳುತ್ತೆ ಅದು."

"ನೇರ ಎಳೆದ್ರೆ. ಕಿಟಕಿ ಇರೋದು ಪಕ್ಕಕ್ಕೆ."

ಅವಳ ಕೊನೆಯ ಸಲವನ್ನು ನೋಡಲು ಬಂದು ಗೋಡೆಗೆ ಒರಗಿದ್ದ ಹನ್ನೊಂದು ಜನ ಈಗ ಅವಳ ಮುಖವನ್ನೇ ನೋಡುತ್ತಿದ್ದರು. ಆಮೆ ಡಬ್ಬದೊಳಗೆ ಬಗ್ಗಿ ಛಾವಣಿ ನೋಡಿದ. ಅಲ್ಲಿ ಹಳೆಯ ತಿರುಪಿನ ಎರಡು ತೂತಿದ್ದವು.

"ಮುಂಚೆ ಇತ್ತು" ಎಂದ ಕೊನೆಗೆ. "ತುಕ್ಕು ಹಿಡಿದು ಮುರೀತಾ ಇತ್ತು. ಹನ್ನೆರಡು ವರ್ಷದ ಹಿಂದೆ ತೆಗೆಸಿದ್ದು ನಾನೇ."

ಎಲೆಕ್ಟ್ರಿಷಿಯನ್ ಬಂದು ಆ ಎರಡು ತೂತಿಗೇ ಪಟ್ಟಿ ಕೂರಿಸಿ ವೈರು ಇಳಿಬಿಟ್ಟ. ದೊಡ್ಡಕ್ಕ ಹೆಲ್ಮೆಟ್ ಎತ್ತಿಕೊಂಡಳು. ಆಮೆ ಅದನ್ನು ಅವಳ ಕೈಯಿಂದ ತೆಗೆದುಕೊಂಡ. "ನನ್ನ ನೀರಿಗೆ ಹೊಸದು ಏನೇ ಬಂದ್ರೂ ಮೊದಲು ನಾನು ಇಳಿತೀನಿ. ಅದು ನನ್ನ ನಿಯಮ."

ಹೆಲ್ಮೆಟ್ಟಿಗೆ ವೈರು ಸಿಕ್ಕಿಸಿಕೊಂಡು, ಕಪ್ಪು ಕನ್ನಡಕ ಹಾಕಿ ಅವಳ ಸೀಟಿನಲ್ಲೇ ಕೂತ. ಡಬ್ಬ ಇಳಿಯಿತು, ಮುಳುಗಿತು, ಮಗುಚಿತು. ಸಾವಿರಾರು ಸಲ ಮಾಡಿದ ಕೆಲಸ. ಕಿಟಕಿ ಹಾರಿ ತಳ ಸೇರಿದ್ದು ಮೇಲಿನಿಂದ ಎಲ್ಲರಿಗೂ ಕಂಡಿತು. ಒಂದು ಭುಜ ಹೊರಗೆ ಬಂತು. ಅಲ್ಲಿಗೆ ನಿಂತಿತು. ತಲೆ ಒಳಕ್ಕೆ ಜಗ್ಗಿಕೊಂಡಿತ್ತು, ಕಾಲು ಬಡಿಯುತ್ತಿತ್ತು. ಹದಿನೆಂಟು, ಹತ್ತೊಂಬತ್ತು ಎಂದು ಎಣಿಸುತ್ತಿದ್ದವನ ದನಿ ನಿಂತೇಹೋಯಿತು. ಡೈವರ್‌ಗಳಿಬ್ಬರೂ ನುಗ್ಗಿ ಆಮೆಯ ಕೊರಳಪಟ್ಟಿಗೆ ಕೈ ಹಾಕಿದರು.

ಕೊಳದ ಅಂಚಿನಲ್ಲಿ ಕೂತು ಆಮೆ ಕೆಮ್ಮಿದ, ಕತ್ತು ಒತ್ತಿಕೊಂಡ, ಮತ್ತೆ ಕೆಮ್ಮಿದ. ಮೂಗಿನಿಂದ ನೀರು ಸುರಿಯುತ್ತಿತ್ತು. ಅವಳಿಗೆ ಗೆದ್ದ ಖುಷಿಯಾಗಬೇಕಿತ್ತು, ಆಗಲಿಲ್ಲ. ಈ ಹನ್ನೆರಡು ವರ್ಷದಲ್ಲಿ ಇದೇ ಕೊಳದಿಂದ ಪಾಸಾಗಿ ಹೋದವರೆಲ್ಲ ಈ ಹೊತ್ತು ಎಲ್ಲೆಲ್ಲಿ ಹಾರುತ್ತಿದ್ದಾರೋ ಎಂದು ನೆನೆದು ಬೆನ್ನು ತಣ್ಣಗಾಯಿತು.

"ಈಗ ನನ್ನ ಸರದಿ" ಎಂದಳು.

"ಇವತ್ತು ಬೇಡ ಮೇಡಂ. ಇದನ್ನ ಮೊದಲು ಮೇಲಿನವರಿಗೆ ತಿಳಿಸ್ತೀನಿ, ಆಮೇಲೆ..."

"ಇವತ್ತೇ" ಎಂದು ಅವಳು ಕಡ್ಡಿ ಮುರಿದ ಹಾಗೆ ಹೇಳಿ, ಒದ್ದೆ ಹೆಲ್ಮೆಟ್ಟನ್ನು ತಲೆಗೆ ಹಾಕಿಕೊಂಡಳು.

ಭಯ ಹೋಗಿರಲಿಲ್ಲ. ಬೆಲ್ಟು ಬಿಗಿದಾಗ ಎದೆ ನಗಾರಿ ಬಾರಿಸುತ್ತಿತ್ತು. ನೀರು ಪಾದಕ್ಕೆ, ಮಂಡಿಗೆ, ಗದ್ದಕ್ಕೆ ಬಂತು. ಕೊನೆಯ ಉಸಿರು ಎಳೆದುಕೊಂಡಳು. ಲೋಕ ತಿರುಗಿ ಬಿತ್ತು. ಮೂಗು ತುಂಬಿತು. ಬಲಗೈಯಲ್ಲಿ ಚೌಕಟ್ಟು ಇತ್ತು. ಕಾದಳು. ಅಲುಗಾಟ ನಿಂತಿತು. ಕಿಟಕಿಯನ್ನು ಮೊಣಕೈಯಿಂದ ಗುದ್ದಿ ನೂಕಿದಳು. ಎಡಗೈಗೆ ಅವಳು ಏನೂ ಹೇಳಲಿಲ್ಲ. ಅದು ತಾನಾಗಿ ಕಿವಿಯ ಹಿಂದೆ ಹೋಯಿತು, ಅಲ್ಲಿ ವೈರು ಸಿಕ್ಕಿತು, ನೇರ ಎಳೆಯಿತು. ಟಕ್ ಎಂದದ್ದು ನೀರೊಳಗೂ ಕೇಳಿಸಿತು. ಆಮೇಲೆ ಬೆಲ್ಟು. ಆಮೇಲೆ ಭುಜ, ಸೊಂಟ, ಕಾಲು. ತಲೆ ಮೇಲೆ ಬಂದಾಗ ಎಣಿಸುವವನು ಹದಿಮೂರರಲ್ಲಿದ್ದ.

ಯಾರೋ ಚಪ್ಪಾಳೆ ತಟ್ಟಲು ಹೊರಟು, ಆಮೆಯ ಮುಖ ನೋಡಿ ಸುಮ್ಮನಾದರು.

ಆಮೆ ಮೇಜಿನ ಬಳಿ ಹೋಗಿ ಹೊಸ ಫಾರಂ ತೆಗೆದ. ಅಭ್ಯರ್ಥಿ ಎಂದಿದ್ದ ಕಡೆ ತನ್ನ ಹೆಸರು ಬರೆದ. ಫಲಿತಾಂಶದ ಕಡೆ ಫೇಲು ಎಂದು ಬರೆದ. ಕಾರಣದ ಜಾಗ ಖಾಲಿ ಬಿಟ್ಟು ಫಾರಮ್ಮನ್ನೂ ಪೆನ್ನನ್ನೂ ಅವಳ ಕಡೆ ಸರಿಸಿದ.

"ನೀವೇ ಬರೀರಿ. ನೋಡಿದವರು ನೀವು."

ಅವಳು ಪೆನ್ನು ಹಿಡಿದು ನಿಂತಳು. ಎರಡು ದಿನದಿಂದ ಅವಳ ಬೆನ್ನು ಹತ್ತಿದ್ದ ಪದವೊಂದಿತ್ತು, ಬರೆದರೆ ಯಾರೂ ತಡೆಯುತ್ತಿರಲಿಲ್ಲ. ಆಮೆಯೂ ಅದನ್ನೇ ಕಾಯುತ್ತಿದ್ದ ಹಾಗೆ ಕಂಡಿತು. ಅವಳು ಬಗ್ಗಿ, ಹೆಲ್ಮೆಟ್ ವೈರು ಬಿಡಿಸುವ ಅಭ್ಯಾಸ ಇರಲಿಲ್ಲ ಎಂದು ಬರೆದಳು.

ಆಮೆ ಅದನ್ನು ನಿಧಾನವಾಗಿ ಓದಿದ. ಫೈಲಿನಿಂದ ಅವಳ ಎರಡು ಹಳೆಯ ಫಾರಂ ಎಳೆದು, ತನ್ನ ಗುಂಡು ಅಕ್ಷರದ ಗಾಬರಿಗೆ ಎರಡರಲ್ಲೂ ಅಡ್ಡಗೆರೆ ಹೊಡೆದ. ಪಕ್ಕದಲ್ಲಿ, ಡಬ್ಬದಲ್ಲಿ ವೈರು ಇರಲಿಲ್ಲ ಎಂದು ಬರೆದು ಕೆಳಗೆ ತನ್ನ ಸಹಿ ಹಾಕಿದ. ಅವಳ ಸಹಿಯ ಜಾಗಕ್ಕೆ ಬೆರಳಿಟ್ಟ. ಅವಳು ಎರಡಕ್ಕೂ ಸಹಿ ಹಾಕಿದಳು. ತೋಳಿನಿಂದ ಇಳಿದ ನೀರು ಕಾಗದದ ಮೇಲೆ ಬಿತ್ತು, ಯಾರೂ ಒರೆಸಲಿಲ್ಲ.

ಆಮೇಲೆ ಆಮೆ ಪಾಸು ಎಂದು ಬರೆದಿದ್ದ ಹನ್ನೊಂದು ಫಾರಮ್ಮುಗಳನ್ನು ಒಟ್ಟು ಮಾಡಿ, ಕ್ಲಿಪ್ಪು ತೆಗೆದು ಬದಿಗಿಟ್ಟು, "ವೈರಿನ ಜೊತೆ ಮತ್ತೆ ಎಲ್ಲರೂ" ಎಂದ. ಹನ್ನೊಂದು ಜನ ಹೆಲ್ಮೆಟ್ ಎತ್ತಿಕೊಂಡು, ಒಬ್ಬರ ಹಿಂದೊಬ್ಬರು ಬಂದು ಕೊಳದ ಅಂಚಿನಲ್ಲಿ ಸಾಲಾಗಿ ನಿಂತರು. ಸರಪಳಿ ಕಿರುಗುಟ್ಟುತ್ತ ಡಬ್ಬವನ್ನು ನೀರಿನಿಂದ ಮೇಲಕ್ಕೆ ಎತ್ತಿತು. ಖಾಲಿ ಸೀಟಿನ ಮೇಲೆ ಕಪ್ಪು ವೈರು ತೂಗುತ್ತ ನೀರು ತೊಟ್ಟಿಕ್ಕುತ್ತಿತ್ತು.