ದಾಸಣ್ಣ ಕೋರ್ಟಿನಲ್ಲಿ ಬಾಯಿ ಬಿಡಲಿಲ್ಲ ಯಾಕೆ?

ನಮ್ಮ ಹಟ್ಟಿಯಲ್ಲಿ ಜಗಳವಾದರೆ ಕಂಬಳಿ ಹಾಸಿ ಹಿರಿಯರನ್ನು ಕೂರಿಸುತ್ತೇವೆ. ತಪ್ಪು ಮಾಡಿದವನು ಕಂಬಳಿಯಂಚಿನಲ್ಲಿ ತಲೆ ತಗ್ಗಿಸಿ ನಿಲ್ಲಬೇಕು. "ಕುಂತ್ಕಳಪ್ಪ, ಏನಾತು ಹೇಳು" ಎಂದು ಹಿರಿಯರು ಅನ್ನುವವರೆಗೆ ತುಟಿ ಬಿಚ್ಚುವಂತಿಲ್ಲ. ನಿಂತುಕೊಂಡೇ ಮಾತಾಡಿದರೆ ಸೊಕ್ಕಿನವನು ಎನ್ನುತ್ತಾರೆ.

೧೯೭೮ರಲ್ಲಿ ನಮ್ಮ ದಾಸಣ್ಣನಿಗೆ ಸೆಷನ್ಸ್ ಕೋರ್ಟು ಗಲ್ಲು ವಿಧಿಸಿತು. ಕುರಿ ಮೇಯಿಸುವ ಜಾಗದ ಜಗಳದಲ್ಲಿ ಅವನ ದೊಣ್ಣೆಯೇಟಿಗೆ ಪಕ್ಕದೂರಿನವನೊಬ್ಬ ಸತ್ತಿದ್ದ. ಅದರಲ್ಲಿ ಸುಳ್ಳಿಲ್ಲ, ಮುಚ್ಚಿಡುವುದೂ ಬೇಡ.

ದಾಸಣ್ಣನ ಹೆಂಡತಿ ಮಲ್ಲಕ್ಕ ಭಾವನ ಮುಂದೆ ಅತ್ತಳು.

"ಪಾಲಯ್ಯ ಭಾವ, ಚಿತ್ರಲಿಂಗಪ್ಪ ಮೇಷ್ಟ್ರಿಗೆ ಹೇಳಿ ಕಳಸ್ರಿ."

"ಕೋರ್ಟು ಹೇಳಿದ ಮ್ಯಾಲೆ ಮುಗೀತಮ್ಮ. ಮೇಷ್ಟ್ರು ಬಂದು ಏನು ಮಾಡ್ತಾರೆ?"

ಮೇಷ್ಟ್ರು ಯಾರು ಅಂತೀರಾ? ನಮ್ಮ ಹಟ್ಟಿಯಲ್ಲೇ ಕುರಿ ಕಾಯ್ದವರ ಮಗ, ಬೆಂಗಳೂರಿನಲ್ಲಿ ಲಾ ಪ್ರೊಫೆಸರ್! ಬಾವಿ ಹತ್ತಿರ ಬರಬೇಡಿ ಎನ್ನಿಸಿಕೊಂಡವರ ಪರ, ಜೀತದವರ ಪರ, ವಿಚಾರಣೆಯಿಲ್ಲದೆ ಜೈಲಿನಲ್ಲಿ ಕೊಳೆತವರ ಪರ ನಿಂತವರು. ಗಲ್ಲು ಶಿಕ್ಷೆಯೇ ಬೇಡವೆಂದು ವರ್ಷಗಟ್ಟಲೆ ಪಾಠ ಹೇಳಿ, ಬರೆದು, ಬೈಸಿಕೊಂಡವರು. ಅವರ ಹೆಸರು ಹೇಳುವಾಗ ನನಗೆ ಈಗಲೂ ಎದೆ ಉಬ್ಬುತ್ತದೆ.

ಮಲ್ಲಕ್ಕ ತಾನೇ ಹೇಳಿ ಕಳಿಸಿದಳು. ಮೇಷ್ಟ್ರು ಹೊಸದುರ್ಗಕ್ಕೆ ಬಸ್ಸಿನಲ್ಲಿ ಬಂದು, ಮೊದಲು ಸತ್ತವನ ಮನೆಗೆ ಹೋಗಿ ಕೂತು, ಆಮೇಲೆ ಹಟ್ಟಿಗೆ ಬಂದರು.

ಪಾಲಯ್ಯ ಬಿಗಿದುಕೊಂಡೇ ಕೇಳಿದ. "ತಪ್ಪು ಮಾಡಿದೋನಿಗೆ ಶಿಕ್ಷೆ ಬ್ಯಾಡ ಅಂತೀರೇನ್ರಿ ಮೇಷ್ಟ್ರೇ?"

"ಶಿಕ್ಷೆ ಆಗ್ಲಿ ಪಾಲಣ್ಣ, ಜೀವ ತೆಗೆಯೋದು ಬ್ಯಾಡ. ಜೈಲಿಗೆ ಹಾಕಿದ್ದು ತಪ್ಪು ಅಂತ ಗೊತ್ತಾದ್ರೆ ಬಾಗ್ಲು ತೆಗೀಬೌದು. ನೇಣಿಗೆ ಹಾಕಿದ್ದು ತಪ್ಪು ಅಂತ ಗೊತ್ತಾದ್ರೆ ಯಾವ ಬಾಗ್ಲು ತೆಗೀತಿ? ಹೈಕೋರ್ಟು ಒಪ್ಪೋ ತನಕ ಗಲ್ಲಿಗೆ ಹಾಕಂಗಿಲ್ಲ, ಇನ್ನೂ ಟೈಮ್ ಐತೆ. ಶಿಕ್ಷೆ ಹಾಕೋಕೆ ಮುಂಚೆ ಜಡ್ಜು ಏನೂ ಕೇಳ್ಲಿಲ್ವಾ?"

ಪಾಲಯ್ಯನ ಮುಖ ಅರಳಿತು. "ಏನಾದ್ರೂ ಹೇಳೋದೈತಾ ಅಂತ ಕೇಳಿದ್ರು. ನಮ್ಮ ದಾಸ ತಲೆ ಎತ್ತಲಿಲ್ಲ, ಪಿಟ್ಟೆನ್ನಲಿಲ್ಲ. ಅಲ್ಲೂ ಹಟ್ಟಿ ಮರ್ಯಾದೆ ಬಿಡಲಿಲ್ಲ!"

ಮೇಷ್ಟ್ರು ಹಣೆ ಹಿಡಿದುಕೊಂಡರು. "ಅಯ್ಯೋ ಪಾಲಣ್ಣ! ಮಾಡಿದ್ದಕ್ಕೆ ಪಶ್ಚಾತ್ತಾಪನೇ ಇಲ್ಲ ಅಂತ ತೀರ್ಪಲ್ಲಿ ಬರೆದಿರೋದು ಅದಕ್ಕೇ. ನೀವು ಮರ್ಯಾದೆ ಅಂದಿದ್ದನ್ನ ಅವರು ಸೊಕ್ಕು ಅಂದ್ಕಂಡ್ರು."

ಮಲ್ಲಕ್ಕ ಒಳಗಿನಿಂದ ಒಂದು ಕಂಬಳಿ ತಂದು ಮೇಷ್ಟ್ರ ಕೈಗಿಟ್ಟಳು.

ಮೇಷ್ಟ್ರು ಜೈಲಿಗೆ ಹೋಗಿ, ಅದನ್ನು ದಾಸಣ್ಣನ ಮುಂದೆ ನೆಲದ ಮೇಲೆ ಹಾಸಿ, ತಾವೂ ಕೂತು, "ಕುಂತ್ಕಳಪ್ಪ ದಾಸಣ್ಣ, ಏನಾತು ಹೇಳು" ಎಂದರು. ಅಷ್ಟು ದಿನ ಮಾತು ಬಿಟ್ಟಿದ್ದವನು ಗೋಳೋ ಎಂದು ಅತ್ತುಬಿಟ್ಟ.

"ಹೊಡೆದ ಮ್ಯಾಲೆ ನಾನೇ ಅವನ್ನ ಹೆಗಲ ಮ್ಯಾಲೆ ಹೊತ್ಕಂಡು ಆಸ್ಪತ್ರೆಗೆ ಓಡಿದೆ ಮೇಷ್ಟ್ರೇ. ದಾರೀಲೇ ಪ್ರಾಣ ಬಿಟ್ಟ. ಕುಂತ್ಕ ಅಂತ ಯಾರೂ ಅನ್ಲಿಲ್ಲ, ಹೆಂಗೆ ಹೇಳ್ಲಿ?"

ಅವನು ಹೊತ್ತುಕೊಂಡು ಓಡಿದ್ದನ್ನು ಕಂಡವರು ಚಿಕ್ಕಜಾಜೂರಿನ ದಾರಿಯಲ್ಲಿ ಇದ್ದರು. ಅವರನ್ನೂ ಯಾರೂ ಕೇಳಿರಲಿಲ್ಲ. ಮೇಷ್ಟ್ರ ಶಿಷ್ಯರಾದ ವಕೀಲರು ಇದನ್ನೆಲ್ಲ ಹೈಕೋರ್ಟಿನ ಮುಂದಿಟ್ಟರು. ಗಲ್ಲು ಹೋಗಿ ಜೀವಾವಧಿಯಾಯಿತು.

ಸುದ್ದಿ ಬಂದ ದಿನ ಪಾಲಯ್ಯ ಹಟ್ಟಿಯವರನ್ನೆಲ್ಲ ಸೇರಿಸಿದ. "ನಾವು ಬಾಯಿ ಮುಚ್ಕಂಡಿದ್ದಕ್ಕೇ ನನ್ನ ತಮ್ಮನ್ನ ಕಳ್ಕಂತಿದ್ದೆ ಕಣ್ರಪ್ಪ. ಉಳಿಸಿದೋರು ನಮ್ಮ ಮೇಷ್ಟ್ರು, ನಮ್ಮ ಹಟ್ಟಿಯೋರು!"

ಅಣ್ಣಂದಿರೇ, ಅಕ್ಕಂದಿರೇ, ನಿಮ್ಮವರು ಯಾರಾದರೂ ಕಟಕಟೆ ಹತ್ತಿದರೆ ಇದನ್ನು ನೆನಪಿಡಿ. ಸೆಷನ್ಸ್ ಕೇಸಿನಲ್ಲಿ ವಕೀಲರನ್ನಿಡಲು ಶಕ್ತಿಯಿಲ್ಲದಿದ್ದರೆ ಸರ್ಕಾರವೇ ಕೊಡಬೇಕು, ಕೇಳಿ ಪಡೆಯಿರಿ. ಶಿಕ್ಷೆಗೆ ಮುಂಚೆ ನಿಮ್ಮ ಮಾತು ಕೇಳಲೇಬೇಕೆಂದು ಕಾನೂನಿದೆ. ಕೋರ್ಟಿನಲ್ಲಿ ನಿಮಗೆ ಯಾರೂ ಕಂಬಳಿ ಹಾಸುವುದಿಲ್ಲ. ನಿಂತುಕೊಂಡೇ ಹೇಳಿ.